ಅಜ್ಜನ ಹೆಸರಲ್ಲ, ಅಜ್ಜನ ಊರು ಹುಡುಕಿ: ಹಳೆ ಪತ್ರಿಕೆಗಳಲ್ಲಿ ಮನೆತನದ ಜಾಡು

ಜಮೀನು ಇನ್ನೂ ಮುತ್ತಜ್ಜನ ಹೆಸರಿನಲ್ಲೇ ಇದೆ, ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. ನಾಡಕಚೇರಿಯಿಂದ ಈ ಮಾತು ಮನೆಗೆ ಬಂದ ದಿನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಶುರು. ಮುತ್ತಜ್ಜ ತೀರಿಕೊಂಡಿದ್ದು ಯಾವ ವರ್ಷ? ಅವರ ಅಣ್ಣ ಒಬ್ಬರು ಚಿನ್ನದ ಗಣಿ ಕೆಲಸಕ್ಕೆ ಅಂತ ಊರು ಬಿಟ್ಟರಂತಲ್ಲ, ಅವರ ಕಡೆಯವರು ಈಗ ಎಲ್ಲಿದ್ದಾರೆ? ಒಬ್ಬರು ಪ್ಲೇಗಿನ ವರ್ಷ ಅನ್ನುತ್ತಾರೆ, ಇನ್ನೊಬ್ಬರು ಬರದ ವರ್ಷ ಅನ್ನುತ್ತಾರೆ. ಕಚೇರಿ ಕೆಲಸ ಹೇಗೋ ಮುಗಿಯುತ್ತದೆ. ಕುತೂಹಲ ಮುಗಿಯುವುದಿಲ್ಲ.

ಹೀಗೆ ಕುತೂಹಲ ಹುಟ್ಟಿದವರಿಗೆ ಈಗ ಒಂದು ದಾರಿ ಇದೆ. ನೂರು, ನೂರೈವತ್ತು ವರ್ಷ ಹಿಂದಿನ ಪತ್ರಿಕೆಗಳ ಲಕ್ಷಾಂತರ ಪುಟಗಳು ಇಂಟರ್‌ನೆಟ್‌ಗೆ ಬಂದಿವೆ. ಒಂದು ಪದ ಟೈಪ್ ಮಾಡಿದರೆ ಆ ಪದ ಇರುವ ಪುಟಗಳನ್ನು ತಂದು ಮುಂದಿಡುತ್ತವೆ, ಅದೂ ಹಲವು ಕಡೆ ಪುಕ್ಕಟೆಯಾಗಿ. ಆದರೆ ಸಾಮಾನ್ಯವಾಗಿ ಆಗುವುದು ಏನು ಅಂದರೆ, ಜನ ಅಜ್ಜನ ಹೆಸರು ಟೈಪ್ ಮಾಡುತ್ತಾರೆ, ಏನೂ ಬರುವುದಿಲ್ಲ, ಇದೆಲ್ಲ ನಮ್ಮಂಥವರಿಗಲ್ಲ ಅಂದುಕೊಂಡು ಮುಚ್ಚಿಬಿಡುತ್ತಾರೆ. ಹೆಸರು ಯಾಕೆ ಬರುವುದಿಲ್ಲ, ಹೆಸರಿನ ಬದಲು ಏನು ಹುಡುಕಬೇಕು ಅನ್ನುವುದೇ ಈ ಲೇಖನದ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ವಂಶವೃಕ್ಷಕ್ಕೆ ಕಚೇರಿಯವರು ಕೇಳುವ ಕಾಗದಪತ್ರಗಳ ಬದಲಿಗೆ ಹಳೆಯ ಪತ್ರಿಕೆ ತುಣುಕು ಇಟ್ಟರೆ ನಡೆಯುವುದಿಲ್ಲ. ಇದು ಮನೆಯ ಕಥೆಗೆ, ಊರಿನ ಕಥೆಗೆ.

## ಸೂಚಿ ಅಂದರೆ ಏನು?

ಮದುವೆಮನೆಯ ಮುಯ್ಯಿ ಪುಸ್ತಕ ನೋಡಿರುತ್ತೀರಿ ಅಲ್ವಾ? ಬಾಗಿಲ ಹತ್ತಿರ ಒಬ್ಬ ಹುಡುಗ ಕೂತು, ಬಂದವರು ಬಂದ ಹಾಗೆ ಹೆಸರು ಮತ್ತು ಮೊತ್ತ ಬರೆಯುತ್ತಾ ಹೋಗುತ್ತಾನೆ. ಹತ್ತು ವರ್ಷ ಆದ ಮೇಲೆ ತಿಪ್ಪೇಸ್ವಾಮಿ ಮನೆ ಮದುವೆಗೆ ಹೋಗಬೇಕು, ಅವರು ನಮಗೆ ಎಷ್ಟು ಓದಿಸಿದ್ದರು ಅಂತ ತಿಳಿಯಬೇಕಾದರೆ ಇಡೀ ಪುಸ್ತಕ ಮೊದಲಿನಿಂದ ತಿರುವಬೇಕು. ಯಾಕೆಂದರೆ ಅದು ಹೆಸರಿನ ಪ್ರಕಾರ ಇಲ್ಲ, ಬಂದ ಸಮಯದ ಪ್ರಕಾರ ಇದೆ. ಯಾರಾದರೂ ಜಾಣರು ಕೂತು ಅದನ್ನೇ ಅಕಾರಾದಿಯಾಗಿ ಬರೆದು, ಪ್ರತಿ ಹೆಸರಿನ ಮುಂದೆ ಪುಟದ ಸಂಖ್ಯೆ ಹಾಕಿಟ್ಟರೆ ಕೆಲಸ ಒಂದು ನಿಮಿಷದ್ದು. ಆ ಎರಡನೇ ಪಟ್ಟಿಯೇ ಸೂಚಿ, ಇಂಗ್ಲಿಷಿನಲ್ಲಿ ಇಂಡೆಕ್ಸ್.

ಪತ್ರಿಕೆಯೂ ದಿನಾಂಕದ ಪ್ರಕಾರ ಬೆಳೆಯುತ್ತಾ ಹೋಗುವ ಪುಸ್ತಕವೇ. ಯಾವ ದಿನ ಬೇಕು ಅಂತ ಗೊತ್ತಿದ್ದರೆ ತೆಗೆಯುವುದು ಸುಲಭ. ಆದರೆ ನಮಗೆ ಗೊತ್ತಿಲ್ಲದಿರುವುದೇ ಆ ದಿನ. ಅದಕ್ಕೇ ಸೂಚಿ ಬೇಕು.

ಸೂಚಿಗಳಲ್ಲಿ ಎರಡು ಬಗೆ. ಒಂದು ಮನುಷ್ಯರು ಓದಿ ಮಾಡಿದ್ದು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪಾಮರ್ ಸೂಚಿ ಅಂತ ಒಂದಿದೆ, 1790ರಿಂದ ಮುಂದಿನ ಸಂಚಿಕೆಗಳಿಗೆ. ನಮಗೆ ಹತ್ತಿರದ್ದು ಬೇಕೆಂದರೆ ಫಿಬಿಸ್ ಅನ್ನುವ ಸಂಸ್ಥೆ ನೋಡಬಹುದು. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಸಂಘ ಅದು. ಹಳೆಯ ಪತ್ರಿಕೆಗಳಲ್ಲಿ ಬಂದ ಜನನ, ಮದುವೆ, ಮರಣದ ಪ್ರಕಟಣೆಗಳನ್ನು ಅದರ ಸ್ವಯಂಸೇವಕರು ಓದಿ ನಮೂದಿಸಿದ್ದಾರೆ. ಇಂಥ ಸೂಚಿಯಲ್ಲಿ ತಪ್ಪು ಕಡಿಮೆ, ಆದರೆ ಮಾಡಿದವರು ಮುಖ್ಯ ಅಂದುಕೊಂಡಿದ್ದಷ್ಟೇ ಅದರಲ್ಲಿ ಇರುತ್ತದೆ.

ಇನ್ನೊಂದು ಯಂತ್ರ ಮಾಡಿದ್ದು. ಅದು ಮುಖ್ಯ, ಅಮುಖ್ಯ ಅಂತ ನೋಡುವುದಿಲ್ಲ, ಪುಟದಲ್ಲಿರುವ ಪ್ರತಿ ಪದವನ್ನೂ ಪಟ್ಟಿಗೆ ಸೇರಿಸುತ್ತದೆ. ಸೋಪಿನ ಜಾಹೀರಾತು, ರೈಲಿನ ವೇಳಾಪಟ್ಟಿ, ಹರಾಜಿನ ನೋಟೀಸು ಎಲ್ಲವೂ ಅದರಲ್ಲಿ ಬಂತು.

## ಯಂತ್ರ ಓದುವುದು ಹೇಗೆ, ಎಡವುವುದು ಎಲ್ಲಿ

ಮೊದಲು ಪತ್ರಿಕೆಯ ಪುಟದ ಫೋಟೋ ತೆಗೆಯುತ್ತಾರೆ. ಎಷ್ಟೋ ಸಲ ಅದು ನೇರ ಪತ್ರಿಕೆಯ ಫೋಟೋ ಅಲ್ಲ, ಹಿಂದೆ ಯಾವಾಗಲೋ ಪುಟಗಳನ್ನು ಪುಟ್ಟದಾಗಿ ಸೆರೆಹಿಡಿದಿಟ್ಟಿದ್ದ ಫಿಲ್ಮ್ ಸುರುಳಿಯ, ಅಂದರೆ ಮೈಕ್ರೋಫಿಲ್ಮಿನ ಫೋಟೋ. ಆಮೇಲೆ ಕಂಪ್ಯೂಟರ್ ಆ ಪುಟವನ್ನು ಕಾಲಂ, ತಲೆಬರಹ, ಸುದ್ದಿ ಅಂತ ತುಂಡು ಮಾಡುತ್ತದೆ. ಪ್ರತಿ ತುಂಡಿನಲ್ಲಿರುವ ಅಕ್ಷರದ ಆಕಾರ ನೋಡಿ ಇದು ಯಾವ ಅಕ್ಷರ ಇರಬಹುದು ಅಂತ ಊಹಿಸುತ್ತದೆ. ಇದಕ್ಕೆ ಓಸಿಆರ್ ಅನ್ನುತ್ತಾರೆ. ಹೀಗೆ ಊಹಿಸಿದ ಪದಗಳಿಂದ ಸೂಚಿ ತಯಾರಾಗುತ್ತದೆ. ನೀವು ಹುಡುಕುವುದು ಪತ್ರಿಕೆಯಲ್ಲಿ ಅಲ್ಲ, ಯಂತ್ರದ ಈ ಊಹೆಯಲ್ಲಿ. ಇದೊಂದು ತಲೆಯಲ್ಲಿದ್ದರೆ ಅರ್ಧ ನಿರಾಶೆ ತಪ್ಪುತ್ತದೆ.

ಮುಯ್ಯಿ ಬರೆದ ಹುಡುಗ ಅವಸರದಲ್ಲಿ ಗೀಚಿದ ಹಾಗೆ ಹಳೆಯ ಅಚ್ಚು ಕೂಡ. ಶಾಯಿ ಹರಡಿರುತ್ತದೆ, ಅಚ್ಚಿನ ಮೊಳೆ ಸವೆದಿರುತ್ತದೆ, ಹಿಂದಿನ ಪುಟದ ಅಚ್ಚು ಮುಂದೆ ಕಾಣುತ್ತಿರುತ್ತದೆ. ಇಂಗ್ಲಿಷಿನಲ್ಲಿ ಆರ್ ಮತ್ತು ಎನ್ ಅಕ್ಕಪಕ್ಕ ಬಂದರೆ ಯಂತ್ರ ಅದನ್ನು ಎಂ ಅಂತ ಓದುತ್ತದೆ, ಸಿ ಇದ್ದದ್ದು ಇ ಆಗುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿದು ಮುಂದಿನ ಸಾಲಿಗೆ ಹೋಗಿದ್ದರೆ ಒಂದು ಹೆಸರು ಎರಡು ತುಂಡಾಗಿ ಎರಡೂ ಸಿಗದ ಹಾಗಾಗುತ್ತದೆ. 1800ಕ್ಕಿಂತ ಹಿಂದಿನ ಪತ್ರಿಕೆಗಳಲ್ಲಿ ಎಸ್ ಅಕ್ಷರದ ಒಂದು ಉದ್ದ ರೂಪ ಇತ್ತು, ಅದನ್ನು ಯಂತ್ರ ಎಫ್ ಅಂತಲೇ ಓದುತ್ತದೆ.

ಹಾಗಾಗಿ ಒಂದು ಪದ ಸಿಗಲಿಲ್ಲ ಅಂದರೆ ಆ ಸುದ್ದಿಯೇ ಇಲ್ಲ ಅಂತ ಅರ್ಥ ಅಲ್ಲ. ಅದೇ ಸುದ್ದಿಯಲ್ಲಿ ಇರಬಹುದಾದ ಬೇರೆ ಪದ ಹಾಕಿ ನೋಡಬೇಕು. ಹೆಸರು ತಪ್ಪಾಗಿ ಓದಿದ್ದರೂ ಊರಿನ ಹೆಸರು ಸರಿಯಾಗಿ ಓದಿರಬಹುದು.

## ಊರು ಯಾರ ಆಳ್ವಿಕೆಯಲ್ಲಿತ್ತು?

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಈಗಿನ ಕರ್ನಾಟಕ 1956ರ ನವೆಂಬರ್ 1ಕ್ಕೆ ಒಂದಾಗಿದ್ದು. ಅದಕ್ಕೆ ಮುಂಚೆ, ಬ್ರಿಟಿಷರ ಕಾಲದಲ್ಲಿ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಪ್ರಾಂತ್ಯದ ಕಡೆ. ಮಂಗಳೂರು, ಬಳ್ಳಾರಿ ಮದ್ರಾಸಿನ ಕಡೆ. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿನ ನಿಜಾಮರ ಕಡೆ. ಕೊಡಗು ಬೇರೆಯೇ. ಮಿಕ್ಕ ಬಹುಪಾಲು ಮೈಸೂರು ಸಂಸ್ಥಾನ. ಉತ್ತರ ಕನ್ನಡವಂತೂ 1862ರವರೆಗೆ ಮದ್ರಾಸಿನಲ್ಲಿದ್ದು ಆಮೇಲೆ ಮುಂಬೈಗೆ ಸೇರಿತು.

ಇದು ಯಾಕೆ ಮುಖ್ಯ ಅಂದರೆ, ಸುದ್ದಿ ಹರಿಯುತ್ತಿದ್ದುದು ರಾಜಧಾನಿಯ ಕಡೆಗೆ. ಧಾರವಾಡದ ಸುದ್ದಿ ಮುಂಬೈ ಪತ್ರಿಕೆಗಳಲ್ಲಿ ಬರುತ್ತಿತ್ತು. ಅಲ್ಲಿನ 'ಟೈಮ್ಸ್ ಆಫ್ ಇಂಡಿಯಾ' 1838ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಪತ್ರಿಕೆ, ಅದರ ಹಳೆಯ ಸಂಚಿಕೆಗಳು ಪ್ರೊಕ್ವೆಸ್ಟ್ ಅನ್ನುವ ಸೇವೆಯಲ್ಲಿ ಪದಪದವಾಗಿ ಹುಡುಕುವ ಹಾಗೆ ಇವೆ. ಅದಕ್ಕೆ ದುಡ್ಡು ಕಟ್ಟಬೇಕು, ಆದರೆ ವಿಶ್ವವಿದ್ಯಾಲಯದ ಲೈಬ್ರರಿಗಳ ಮೂಲಕ ಸಿಗುವುದುಂಟು. ನಿಮ್ಮ ಮನೆಯ ಹುಡುಗ ಹುಡುಗಿ ಯಾರಾದರೂ ಹೊರದೇಶದಲ್ಲಿ ಓದುತ್ತಿದ್ದರೆ ಅವರ ಕಾಲೇಜಿನಲ್ಲಿ ಇದೆಯಾ ಅಂತ ಕೇಳಿ ನೋಡಿ. ಮಂಗಳೂರು, ಬಳ್ಳಾರಿ, ಮೈಸೂರು ಕಡೆಯ ಸುದ್ದಿಗೆ ಮದ್ರಾಸಿನ ಪತ್ರಿಕೆಗಳು. 'ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್' ಅನ್ನುವ ಜಾಲತಾಣದಲ್ಲಿ 'ಮದ್ರಾಸ್ ವೀಕ್ಲಿ ಮೇಲ್' ಥರದ ಕೆಲವು ಇವೆ. ಅಲ್ಲಿ ಹುಡುಕುವುದಕ್ಕೆ ದುಡ್ಡಿಲ್ಲ, ಪುಟ ಓದುವುದಕ್ಕೆ ಸಾಮಾನ್ಯವಾಗಿ ಚಂದಾ ಬೇಕು.

ಪುಕ್ಕಟೆ ಸಿಗುವ ದೊಡ್ಡ ಭಂಡಾರಗಳು ನಮ್ಮ ದೇಶದ್ದಲ್ಲ. ಆಸ್ಟ್ರೇಲಿಯಾದ 'ಟ್ರೋವ್', ನ್ಯೂಜಿಲೆಂಡಿನ 'ಪೇಪರ್ಸ್ ಪಾಸ್ಟ್', ಸಿಂಗಾಪುರದ 'ನ್ಯೂಸ್‌ಪೇಪರ್ ಎಸ್‌ಜಿ', ವೇಲ್ಸ್‌ನ 'ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್', ಅಮೆರಿಕದ 'ಕ್ರಾನಿಕ್ಲಿಂಗ್ ಅಮೆರಿಕ'. ಆಯಾ ದೇಶದ ದೊಡ್ಡ ಸಾರ್ವಜನಿಕ ಲೈಬ್ರರಿಗಳೇ ಇವುಗಳ ಹಿಂದಿವೆ. ಕಾಪಿರೈಟ್ ಕಾರಣಕ್ಕೆ ಒಂದೊಂದು ಒಂದೊಂದು ವರ್ಷಕ್ಕೆ ನಿಲ್ಲುತ್ತದೆ. ಟ್ರೋವ್‌ನಲ್ಲಿ ಹೆಚ್ಚಿನವು 1954ರವರೆಗೆ, ವೇಲ್ಸ್‌ನದ್ದು 1919ರವರೆಗೆ.

ಕೋಲಾರದ ಸುದ್ದಿ ಹುಡುಕಲು ನ್ಯೂಜಿಲೆಂಡ್ ಪತ್ರಿಕೆ ಯಾಕೆ ಅಂತ ನಗಬೇಡಿ.

## ಕೆಜಿಎಫ್ ಉದಾಹರಣೆ ತಗೊಳ್ಳೋಣ

ಬೆಂಗಳೂರಿನ ಲ್ಯಾವೆಲ್ ರಸ್ತೆ ಗೊತ್ತಿರಬಹುದು. ಮೈಕೆಲ್ ಲ್ಯಾವೆಲ್ ಅನ್ನುವವರು ಐರ್ಲೆಂಡ್ ಮೂಲದ ಸೈನಿಕ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿದ್ದು, ನಿವೃತ್ತರಾಗಿ ಬೆಂಗಳೂರು ದಂಡಿನಲ್ಲಿ ನೆಲೆ ನಿಂತವರು. ನ್ಯೂಜಿಲೆಂಡಿನಲ್ಲಿ ಆಗ ಚಿನ್ನದ ಹುಚ್ಚು ಹಬ್ಬಿತ್ತು. ಆ ಕಣ್ಣಿನಿಂದಲೇ ಅವರು ಕೋಲಾರದ ನೆಲ ನೋಡಿದರು. ಜಾನ್ ವಾರೆನ್ ಅನ್ನುವ ಅಧಿಕಾರಿ 19ನೇ ಶತಮಾನದ ಶುರುವಿನಲ್ಲೇ ಇಲ್ಲಿನ ಚಿನ್ನದ ಬಗ್ಗೆ ವರದಿ ಬರೆದಿದ್ದರು, ಅದನ್ನು ಓದಿಕೊಂಡು ಲ್ಯಾವೆಲ್ 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೇಳಿದರು. ಅವರ ಕೈಯಲ್ಲಿ ಅದು ದೊಡ್ಡದಾಗಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿಗಳು ನಿಜಕ್ಕೂ ಓಡತೊಡಗಿದವು.

ಆಮೇಲಿನದ್ದು ನಮ್ಮ ಕೆಲಸಕ್ಕೆ ಬೇಕಾದ ಸಂಗತಿ. ಗಣಿ ಕಂಪನಿಗಳ ಷೇರು ಲಂಡನ್ನಿನಲ್ಲಿ ಮಾರಾಟ ಆಗುತ್ತಿತ್ತು. ಷೇರು ಇಟ್ಟವರಿಗೆ ಈ ತಿಂಗಳು ಎಷ್ಟು ಔನ್ಸ್ ಚಿನ್ನ ಬಂತು ಅಂತ ತಿಳಿಯಬೇಕು, ಅದಕ್ಕೆ ಪತ್ರಿಕೆಗಳು ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಲೆಕ್ಕ ತಿಂಗಳು ತಿಂಗಳು ಅಚ್ಚು ಹಾಕುತ್ತಿದ್ದವು. ಇನ್ನು ಗಣಿಯ ಒಳಗೆ ಮೇಲ್ವಿಚಾರಣೆಗೆ ಬಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು ತುಂಬ ಜನ. ಅವರ ಮನೆಯವರು ಅಲ್ಲಿ, ಇವರು ಇಲ್ಲಿ. ಹೀಗಾಗಿ ಕಾರ್ನ್‌ವಾಲ್‌ನ ಸ್ಥಳೀಯ ಪತ್ರಿಕೆಗಳಿಗೆ ಕೆಜಿಎಫ್ ಪಕ್ಕದ ಊರಿದ್ದ ಹಾಗೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲೂ ಗಣಿಯೇ ಬದುಕಾಗಿದ್ದ ಊರುಗಳಿದ್ದವು, ಅಲ್ಲಿನ ಓದುಗರಿಗೂ ಕೋಲಾರದ ಸುದ್ದಿ ಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದಾಗ ಅದಕ್ಕೆ ಬೇಕಾದ ಯಂತ್ರ ಕೊಟ್ಟ ಕಂಪನಿಗಳಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಒಂದು. ಹೊರದೇಶದ ಸೂಚಿಯಲ್ಲಿ ನಮ್ಮೂರು ಸಿಗುವುದು ಇಂಥ ದಾರಿಗಳಿಂದ.

ಈಗ ಹುಡುಕೋಣ. ಮೊದಲ ತೊಡಕು ಕಾಗುಣಿತ. ನಂದಿದುರ್ಗ ಆಗಿನ ಇಂಗ್ಲಿಷಿನಲ್ಲಿ 'ನಂಡಿಡ್ರೂಗ್', ಚಿತ್ರದುರ್ಗ 'ಚಿತಲ್‌ಡ್ರೂಗ್', ಮಡಿಕೇರಿ 'ಮರ್ಕೇರಾ', ಹೊನ್ನಾವರ 'ಓನೋರ್', ಶ್ರೀರಂಗಪಟ್ಟಣ 'ಸೆರಿಂಗಪಟಂ', ಧಾರವಾಡದ ಕೊನೆಯಲ್ಲಿ ಡಿ ಬದಲು ಆರ್. ಕೋಲಾರಕ್ಕೆ ಕೆ ಇರುವ ರೂಪವೂ ಉಂಟು, ಸಿ ಇರುವ ರೂಪವೂ ಉಂಟು. ಕನ್ನಡದವರನ್ನು, ಕನ್ನಡ ಭಾಷೆಯನ್ನು ಅವರು ಕರೆಯುತ್ತಿದ್ದುದು 'ಕ್ಯಾನರೀಸ್' ಅಂತ. ಕನ್ನಡ ಅಂತ ಹಾಕಿದರೆ ಹೆಚ್ಚೇನೂ ಬರುವುದಿಲ್ಲ.

ಎರಡನೇ ತೊಡಕು ಒಂದೇ ಹೆಸರಿನ ಎರಡು ಊರು. ಕೆಜಿಎಫ್‌ನಲ್ಲಿ ಕೋರಮಂಡಲ್ ಅಂತ ಒಂದು ಭಾಗ ಇದೆ. ನಿಮ್ಮ ಹಿರಿಯರು ಅಲ್ಲಿ ಕೆಲಸ ಮಾಡಿದ್ದರು ಅಂತ ಪೇಪರ್ಸ್ ಪಾಸ್ಟ್‌ನಲ್ಲಿ ಕೋರಮಂಡಲ್, ಚಿನ್ನ, ಗಣಿ ಅಂತ ಹಾಕಿದಿರೋ, ರಾಶಿ ರಾಶಿ ಸುದ್ದಿ ಬರುತ್ತದೆ. ಯಾವುದೂ ನಮ್ಮದಲ್ಲ! ನ್ಯೂಜಿಲೆಂಡಿನಲ್ಲೂ ಕೋರಮಂಡಲ್ ಅನ್ನುವ ಜಾಗ ಇದೆ, ಅಲ್ಲೂ ಚಿನ್ನದ ಗಣಿಗಳಿದ್ದವು. ಕೋರಮಂಡಲ್ ಅನ್ನುವ ಹಡಗಿನಿಂದ ಆ ಜಾಗಕ್ಕೆ ಹೆಸರು ಬಂತು, ಹಡಗಿಗೆ ನಮ್ಮ ಪೂರ್ವ ಕರಾವಳಿಯಿಂದ. ಹಾಗಾಗಿ ಜೊತೆಗೆ ಮೈಸೂರ್ ಅಥವಾ ಇಂಡಿಯಾ ಅನ್ನುವ ಪದ ಸೇರಿಸಲೇಬೇಕು.

ಇಲ್ಲೇ ಇನ್ನೊಂದು ಉಪಾಯ. ಪದಗಳನ್ನು ಸುಮ್ನೆ ಸಾಲಾಗಿ ಹಾಕಿದರೆ ಪದಗಳು ಎಲ್ಲೆಲ್ಲೋ ದೂರ ದೂರ ಇರುವ ಉದ್ದ ಬರಹಗಳೂ ಬಂದುಬಿಡುತ್ತವೆ, ಮೇಲೆ ಕೋಲಾರದ ಷೇರು ಬೆಲೆ, ಕೆಳಗೆ ಎಲ್ಲಿಯದೋ ಅಪಘಾತ. ಟ್ರೋವ್‌ನಲ್ಲಿ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಹೊರಗೆ ~ ಗುರುತು ಮತ್ತು 10 ಅಂತ ಬರೆದರೆ ಹತ್ತು ಪದಗಳ ಅಂತರದೊಳಗೆ ಅವೆರಡೂ ಇರುವ ಸುದ್ದಿ ಮಾತ್ರ ಬರುತ್ತದೆ. ಉದ್ಧರಣ ಚಿಹ್ನೆ ಮಾತ್ರ ಹಾಕಿದರೆ ಪದಗಳು ಅಕ್ಕಪಕ್ಕ ಇರಬೇಕು ಅಂತ ಅರ್ಥ. ಬಂದದ್ದನ್ನು ದಿನಾಂಕದ ಕ್ರಮಕ್ಕೆ ಹಾಕಿಕೊಳ್ಳಿ, ಹತ್ತು ಹತ್ತು ವರ್ಷದ ತುಂಡು ಮಾಡಿಕೊಳ್ಳಿ. ಎಲ್ಲ ಭಂಡಾರದಲ್ಲೂ ಗುರುತುಗಳು ಒಂದೇ ಅಲ್ಲ, ಸಹಾಯದ ಪುಟ ಒಮ್ಮೆ ಓದಿದರೆ ಆಮೇಲೆ ಸುಲಭ.

ದಿನಾಂಕದ ವಿಷಯದಲ್ಲಿ ಸ್ವಲ್ಪ ಸಡಿಲ ಇರಲಿ. ಆಸ್ಟ್ರೇಲಿಯಾಕ್ಕೆ ಹೊರಗಿನಿಂದ ತಂತಿ ಬಂದಿದ್ದು 1872ರಲ್ಲಿ, ನ್ಯೂಜಿಲೆಂಡಿಗೆ 1876ರಲ್ಲಿ. ಅದಕ್ಕೆ ಮುಂಚೆ ಸುದ್ದಿ ಹಡಗಿನ ಟಪ್ಪಾಲಿನಲ್ಲಿ ಹೋಗಬೇಕಿತ್ತು, ವಾರಗಟ್ಟಲೆ ತಡ. ತಂತಿ ಬಂದ ಮೇಲೂ ಪದಕ್ಕೆ ಇಷ್ಟು ಅಂತ ದುಬಾರಿ ದರ, ಹಾಗಾಗಿ ತಂತಿಯಲ್ಲಿ ಎರಡು ಸಾಲು, ವಿವರ ಟಪ್ಪಾಲಿನಲ್ಲಿ. ಒಂದು ಘಟನೆಯ ಚಿಕ್ಕ ಸುದ್ದಿ ಸಿಕ್ಕಿದರೆ ಮುಂದಿನ ಎರಡು ತಿಂಗಳಲ್ಲಿ ದೊಡ್ಡದು ಇದೆಯಾ ಅಂತಲೂ ನೋಡಿ.

## ಅಜ್ಜನ ಹೆಸರು ಯಾಕೆ ಸಿಗುವುದಿಲ್ಲ?

ಕೆಜಿಎಫ್‌ನ ಸುದ್ದಿಗಳನ್ನು ಸ್ವಲ್ಪ ಹೊತ್ತು ಓದಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಗಣಿಯಲ್ಲಿ ಅಪಘಾತ ಆಗಿ ಯುರೋಪಿನವನೊಬ್ಬ ಸತ್ತರೆ ಅವನ ಹೆಸರು, ಹುಟ್ಟೂರು, ಹೆಂಡತಿ ಮಕ್ಕಳ ವಿವರ ಬರುತ್ತದೆ. ಜೊತೆಗೆ ಸತ್ತ ನಮ್ಮವರು 'ಇಷ್ಟು ಜನ ನೇಟಿವ್‌ಗಳು' ಅಥವಾ 'ಕೂಲಿಗಳು' ಅನ್ನುವ ಒಂದು ಸಂಖ್ಯೆ ಆಗಿ ಬರುತ್ತಾರೆ. ತಮಿಳು, ತೆಲುಗು ಸೀಮೆಯಿಂದ ಬಂದು ಆಳದಲ್ಲಿ ಬಂಡೆ ಒಡೆದ ಸಾವಿರಾರು ಜನರ ಹೆಸರನ್ನು ಆ ಪತ್ರಿಕೆಗಳು ಬರೆದೇ ಇಲ್ಲ. ಬರೆಯದ ಹೆಸರನ್ನು ಯಾವ ಸೂಚಿಯೂ ಹುಡುಕಿಕೊಡಲಾರದು. ಆಗಿನ ಬರಹಗಳಲ್ಲಿ ಜಾತಿಗಳನ್ನು ಕೀಳಾಗಿ ಕರೆಯುವ ಪದಗಳೂ ಸಲೀಸಾಗಿ ಬರುತ್ತವೆ, ಓದುವಾಗ ಮನಸ್ಸು ಗಟ್ಟಿ ಇರಬೇಕು.

ಹೆಸರು ಬರೆದಿದ್ದರೂ ನಮ್ಮ ಹೆಸರುಗಳ ರೀತಿ ಬೇರೆ. ಇಂಗ್ಲಿಷರ ವಂಶಾವಳಿ ಜಾಲತಾಣಗಳು ಮನೆತನದ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ ಅಂತ ನಂಬಿ ಮಾಡಿದವು. ಹಳೇ ಮೈಸೂರು ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತದೆ. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರು ಇಡುವ ಪದ್ಧತಿ ಬೇರೆ. ಗೌಡ ಅನ್ನುವುದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು.

ಅದಕ್ಕೇ ಮನುಷ್ಯನನ್ನು ಬಿಟ್ಟು ಅವನ ಸುತ್ತ ನಡೆದದ್ದನ್ನು ಹುಡುಕಿ. ಮನೆಯಲ್ಲಿ ಹಿರಿಯರು ಹೇಳುವ ಮಾತಿನಲ್ಲೇ ಇದಕ್ಕೆ ಕೊಂಡಿ ಇರುತ್ತದೆ. 'ಪ್ಲೇಗ್ ಬಂದಾಗ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ, ಆಗ ಹುಟ್ಟಿದವಳು ನಮ್ಮಜ್ಜಿ' ಅನ್ನುತ್ತಾರೆ. ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟಿನಲ್ಲಿ. ಆದರೆ ಅದು ಒಂದು ಸಲ ಬಂದು ಹೋದ ರೋಗ ಅಲ್ಲ, ಮುಂದಿನ ವರ್ಷಗಳಲ್ಲಿ ಊರಿಂದ ಊರಿಗೆ ಸುತ್ತುತ್ತಾ ಮತ್ತೆ ಮತ್ತೆ ಬಂತು. ನಿಮ್ಮ ತಾಲ್ಲೂಕಿನ ಹೆಸರು ಮತ್ತು ಪ್ಲೇಗ್ ಅನ್ನುವ ಪದ ಎರಡನ್ನೂ ಹಾಕಿ ಹುಡುಕಿದರೆ ಯಾವ ಯಾವ ತಿಂಗಳು ಅಲ್ಲಿ ರೋಗ ಇತ್ತು ಅಂತ ತಿಳಿಯಬಹುದು. ಅಜ್ಜಿಯ ಹೆಸರು ಎಲ್ಲೂ ಇಲ್ಲ, ಆದರೂ ಅಜ್ಜಿ ಹುಟ್ಟಿದ ಕಾಲ ಹತ್ತು ವರ್ಷದ ಗೊಂದಲದಿಂದ ಎರಡೋ ಮೂರೋ ಮಳೆಗಾಲಕ್ಕೆ ಇಳಿಯಿತು.

ಹಾಗೆಯೇ ಸಂವತ್ಸರದ ಹೆಸರು. 'ಧಾತು ಈಶ್ವರದ ಬರ' ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಉಳಿದಿತ್ತು. ಧಾತು ಸಂವತ್ಸರ 1876ರ ಯುಗಾದಿಗೆ ಶುರು, ಈಶ್ವರ 1877ಕ್ಕೆ. ಇತಿಹಾಸದ ಪುಸ್ತಕಗಳಲ್ಲಿ 1876ರಿಂದ 78ರ ಮಹಾ ಬರಗಾಲ ಅಂತ ಇರುವುದು ಅದೇ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುವುದರಿಂದ 1936ರದ್ದೂ ಧಾತುವೇ ಅನ್ನುವುದು ನೆನಪಿರಲಿ. ಮನೆಯ ಹಳೆಯ ಕ್ರಯಪತ್ರ, ಜಾತಕ, ಊರಿನ ಗುಡಿಯ ಕಲ್ಲಿನಲ್ಲಿ ಸಂವತ್ಸರ ಇದ್ದರೆ ಅದನ್ನು ಇಸವಿಗೆ ತಿರುಗಿಸಿಕೊಂಡು, ಆ ಇಸವಿಯ ಪತ್ರಿಕೆಯಲ್ಲಿ ನಿಮ್ಮ ಊರು ಹುಡುಕಿ.

ಕೆರೆ ಒಡೆದದ್ದು, ರೈಲು ಬಂದದ್ದು, ಮಿಲ್ಲು ಶುರುವಾಗಿದ್ದು, ಮುಷ್ಕರ ಆದದ್ದು, ಹೊಸ ಸೇತುವೆ, ಬೆಂಕಿ, ಜಾತ್ರೆಯ ಗಲಾಟೆ, ಡೆಪ್ಯುಟಿ ಕಮಿಷನರ್ ಸವಾರಿ, ಪತ್ರಿಕೆಗೆ ಬೇಕಾಗಿದ್ದು ಇವೆಲ್ಲ. ಕೆಜಿಎಫ್‌ನಲ್ಲಿ 1930ರಲ್ಲಿ ದೊಡ್ಡ ಮುಷ್ಕರ ಆಯಿತು, ಕೆಲಸಗಾರರ ಬೆರಳಚ್ಚು ತಗೊಳ್ಳುವ ಕಂಪನಿಯ ಕ್ರಮದ ವಿರುದ್ಧ. 'ಆ ಸ್ಟ್ರೈಕ್ ಆದಮೇಲೆ ತಾತ ಗಣಿ ಬಿಟ್ಟರು' ಅನ್ನುವ ಒಂದು ಸಾಲು ಮನೆಯಲ್ಲಿ ಇದ್ದರೆ ಸಾಕು, ಹುಡುಕಲು ಒಂದು ತುದಿ ಸಿಕ್ಕಿತು.

## ಕನ್ನಡ ಪತ್ರಿಕೆಗಳು ಎಲ್ಲಿ ಹೋದವು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು, ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಮಾರನೇ ವರ್ಷ ಬಳ್ಳಾರಿಗೆ ಹೋಗಿ ಹೆಸರು ಬದಲಾಯಿತು. ಆಮೇಲೆ ಮೈಸೂರು, ಬೆಂಗಳೂರು, ಧಾರವಾಡ, ಹುಬ್ಬಳ್ಳಿಯಿಂದ ಎಷ್ಟೋ ಪತ್ರಿಕೆಗಳು ಬಂದವು. ಪದ ಹಾಕಿ ಹುಡುಕುವ ಹಾಗೆ ಸೂಚಿ ಇರುವಂಥವು ಮಾತ್ರ ತೀರಾ ಕಡಿಮೆ.

ಕಾರಣ ಅಸಡ್ಡೆ ಒಂದೇ ಅಲ್ಲ, ಲಿಪಿಯೂ ಹೌದು. ಟೆಸರಾಕ್ಟ್ ಥರದ ಉಚಿತ ತಂತ್ರಾಂಶ ಈಗ ಕನ್ನಡ ಓದುತ್ತದೆ, ಹೊಸ ಅಚ್ಚಿನ ಪುಸ್ತಕವನ್ನು ಚೆನ್ನಾಗಿಯೇ ಓದುತ್ತದೆ. ಆದರೆ ಹಳೆಯ ಮೊಳೆ ಜೋಡಣೆಯ ಪತ್ರಿಕೆ ಕೊಟ್ಟು ನೋಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿರುತ್ತದೆ. ಪ, ವ, ಷ, ಮ ಒಂದರ ಹಾಗೆ ಒಂದು ಕಾಣುತ್ತವೆ. ಸೊನ್ನೆ ಇದ್ದದ್ದು ಅನುಸ್ವಾರವೋ ಅಂಕಿಯೋ ತಿಳಿಯುವುದಿಲ್ಲ. ಆಗಿನ ಬರವಣಿಗೆಯೂ ಬೇರೆ, ಎಂಬ ಅನ್ನುವುದು 'ಯೆಂಬ', ಒಂದು ಅನ್ನುವುದು 'ವೊಂದು'. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಇದಕ್ಕೊಂದು ಸುತ್ತುದಾರಿ ಇದೆ, ನನಗಂತೂ ಇದೇ ಎಲ್ಲಕ್ಕಿಂತ ಉಪಯೋಗದ್ದು ಅನ್ನಿಸುತ್ತದೆ. ಇಂಗ್ಲಿಷ್ ಪತ್ರಿಕೆಯ ಸೂಚಿಯಿಂದ ದಿನಾಂಕ ಹಿಡಿಯಿರಿ. ಆ ದಿನಾಂಕ ಇಟ್ಟುಕೊಂಡು ಕನ್ನಡ ಪತ್ರಿಕೆಯ ರಟ್ಟು ಕಟ್ಟಿದ ಸಂಪುಟ ಬಿಡಿಸಿ. ನಿಮ್ಮೂರಿನ ಕೆರೆ ಒಡೆದದ್ದು ಮದ್ರಾಸಿನ ಪತ್ರಿಕೆಯಲ್ಲಿ ಎರಡು ಸಾಲು ಇರಬಹುದು. ಅದೇ ವಾರದ ಕನ್ನಡ ಪತ್ರಿಕೆಯಲ್ಲಿ ಯಾರ ಮನೆ ಬಿತ್ತು, ಗಂಜಿ ಕೇಂದ್ರಕ್ಕೆ ಯಾರು ಅಕ್ಕಿ ಕೊಟ್ಟರು, ಶಾನುಭೋಗರು ಏನು ಮಾಡಿದರು ಅಂತ ಬರುವ ಸಂಭವ ಜಾಸ್ತಿ. ಇಂಗ್ಲಿಷ್ ಪತ್ರಿಕೆಗಳು ಬರೆಯದ ಹೆಸರುಗಳು ಇರುವುದಾದರೆ ಇಲ್ಲೇ. ಸೂಚಿ ಇಲ್ಲದ ಸಂಪುಟವನ್ನು ಸುಮ್ನೆ ತಿರುವುವುದು ವರ್ಷಗಳ ಕೆಲಸ, ದಿನಾಂಕ ಗೊತ್ತಿದ್ದರೆ ಒಂದು ಮಧ್ಯಾಹ್ನದ್ದು.

ಸಂಪುಟಗಳಿಗೆ ಕೇಳಬೇಕಾದ ಜಾಗಗಳು: ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ರಾಜ್ಯ ಪತ್ರಾಗಾರ. ಬಾಸೆಲ್ ಮಿಶನ್ನಿಗೆ ಸೇರಿದ್ದಕ್ಕೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ. ಹೋಗುವ ಮುಂಚೆ ಫೋನ್ ಮಾಡಿ ಯಾವ ಪತ್ರಿಕೆಯ ಯಾವ ವರ್ಷ ಇದೆ, ಫೋಟೋ ತೆಗೆಯಲು ಬಿಡುತ್ತಾರಾ ಕೇಳಿಕೊಳ್ಳಿ. ಮನೆಯಲ್ಲೇ ಕೂತು ನೋಡುವುದಾದರೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಅನ್ನುವ ಸಂಗ್ರಹ ಇದೆ, ಅದರಲ್ಲಿ ಸ್ಕ್ಯಾನ್ ಆದ ಕನ್ನಡದ ಹಳೆಯ ಮುದ್ರಣಗಳೂ ಇವೆ.

ಪ್ರತಿಯೇ ಉಳಿಯದ ಕನ್ನಡ ಪತ್ರಿಕೆಗೂ ಒಂದು ನೆರಳು ಉಳಿದಿರಬಹುದು. ಬ್ರಿಟಿಷ್ ಸರ್ಕಾರಕ್ಕೆ ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಅನ್ನುವ ಚಿಂತೆ ಇತ್ತು. ಅದಕ್ಕೆ ಮದ್ರಾಸ್, ಮುಂಬೈ ಪ್ರಾಂತ್ಯಗಳಲ್ಲಿ ಭಾಷಾಂತರಕಾರರನ್ನಿಟ್ಟು, ಕನ್ನಡವೂ ಸೇರಿದಂತೆ ಎಲ್ಲ ಭಾಷೆಯ ಪತ್ರಿಕೆಗಳಿಂದ ಆಯ್ದ ಸುದ್ದಿಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ತಯಾರಿಸಿ ಅಧಿಕಾರಿಗಳಿಗೆ ಗುಟ್ಟಾಗಿ ಹಂಚುತ್ತಿದ್ದರು. 'ನೇಟಿವ್ ನ್ಯೂಸ್‌ಪೇಪರ್ ರಿಪೋರ್ಟ್ಸ್' ಅಂತ ಅದರ ಹೆಸರು. 'ಸೌತ್ ಏಷ್ಯಾ ಓಪನ್ ಆರ್ಕೈವ್ಸ್' ಅನ್ನುವ ಉಚಿತ ತಾಣದಲ್ಲಿ ಈ ಬಗೆಯ ವರದಿಗಳು ಇವೆ. ಕಣ್ಣಿಡಲು ಮಾಡಿದ್ದು ಈಗ ನಮಗೆ ಸೂಚಿ ಆಗಿದೆ. ಊರಿನವರ ದೂರುಗಳು, ಅಮಲ್ದಾರರ ಮೇಲಿನ ಆಪಾದನೆ, ಕಂದಾಯದ ಕಷ್ಟ ಇದರಲ್ಲಿ ಧಾರಾಳ. ಆದರೆ ಆರಿಸಿದ್ದು ಸರ್ಕಾರ, ಅದರ ಆಸಕ್ತಿಗೆ ತಕ್ಕಂತೆ ಅನ್ನುವುದು ಮರೆಯಬಾರದು.

## ಸಿಕ್ಕ ಮೇಲೆ

ಒಂದೇ ಸುದ್ದಿ ಇಪ್ಪತ್ತು ಪತ್ರಿಕೆಯಲ್ಲಿ ಸಿಕ್ಕಿದರೆ ಇಪ್ಪತ್ತು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ. ಒಂದು ತಂತಿ ಸುದ್ದಿಯನ್ನೇ ಎಲ್ಲರೂ ಅಚ್ಚು ಹಾಕುತ್ತಿದ್ದರು, ಒಬ್ಬರಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಮೊದಲ ದಿನದ ಸಾವಿನ ಸಂಖ್ಯೆಗೂ ಒಂದು ತಿಂಗಳ ನಂತರದ ಸಂಖ್ಯೆಗೂ ಎಷ್ಟೋ ಸಲ ಹೊಂದಿಕೆ ಇರುವುದಿಲ್ಲ, ನಂತರದ್ದನ್ನು ಜಾಸ್ತಿ ನಂಬಬಹುದು. ಪತ್ರಿಕೆ ಹೇಳಿದ್ದನ್ನು ಸಮಾಧಿ ಕಲ್ಲು, ಚರ್ಚಿನ ಪುಸ್ತಕ, ಕಂದಾಯದ ದಾಖಲೆ, ಶಾಲೆಯ ದಾಖಲಾತಿ, ಇಂಥ ಯಾವುದಾದರೂ ಒಂದರ ಪಕ್ಕ ಇಟ್ಟು ನೋಡುವವರೆಗೆ ಅದು ಸುಳಿವು ಅಷ್ಟೇ.

ಸುದ್ದಿಯ ತುಣುಕನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಆರು ತಿಂಗಳ ಮೇಲೆ ಅದು ಯಾವ ಪತ್ರಿಕೆ ಅಂತಲೇ ಗೊತ್ತಾಗುವುದಿಲ್ಲ. ಪತ್ರಿಕೆಯ ಹೆಸರು, ಊರು, ದಿನಾಂಕ, ಪುಟ, ಕಾಲಂ ಬರೆದುಕೊಳ್ಳಿ. ಯಾವ ಪದ ಹಾಕಿ ಹುಡುಕಿದಾಗ ಸಿಕ್ಕಿತು, ಯಾವ ಪದಕ್ಕೆ ಸಿಗಲಿಲ್ಲ ಅನ್ನುವುದನ್ನೂ ಬರೆದಿಡಿ, ಇಲ್ಲವಾದರೆ ಅದನ್ನೇ ಮತ್ತೆ ಹುಡುಕುತ್ತಾ ಕೂರುತ್ತೀರಿ. ಟ್ರೋವ್‌ನಲ್ಲಿ ಯಂತ್ರ ತಪ್ಪಾಗಿ ಓದಿದ ಸಾಲನ್ನು ಯಾರು ಬೇಕಾದರೂ ಅಲ್ಲೇ ತಿದ್ದಬಹುದು. ನಿಮ್ಮೂರಿನ ಹೆಸರು ಅಲ್ಲಿ ಕೆಟ್ಟು ಕೂತಿದ್ದರೆ ಸರಿಮಾಡಿಬಿಡಿ, ಮುಂದೆ ಅದೇ ಊರು ಹುಡುಕುವವರಿಗೆ ಒಂದೇ ಸಲಕ್ಕೆ ಸಿಗುತ್ತದೆ.

ಇನ್ನು ಸಿಕ್ಕಿದ್ದೆಲ್ಲ ಹೆಮ್ಮೆಪಡುವ ಸುದ್ದಿಯೇ ಆಗಿರಬೇಕು ಅಂತಿಲ್ಲ. ಕೋರ್ಟಿನ ಸುದ್ದಿಗಳಲ್ಲಿ ಆಪಾದನೆ ಮೊದಲ ಪುಟದಲ್ಲಿ ಬಂದು, ಬಿಡುಗಡೆ ಆದದ್ದು ಎಲ್ಲೋ ಮೂಲೆಯಲ್ಲಿ ಬರುವುದು ಆಗಲೂ ಇತ್ತು. ತೀರ್ಪಿನ ದಿನದ ಪತ್ರಿಕೆ ನೋಡದೆ ಅಂಥದ್ದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.